ಭಾಗಿಸಿ ನೋಡಿದವರು ಯಾರು?

ಓದುಗರ ಪತ್ರ: ‘2ರ 13,62,79,841ನೇ ಘಾತದಿಂದ 1 ಕಳೆದರೆ ಬರುವುದು ಅವಿಭಾಜ್ಯ ಸಂಖ್ಯೆ ಎಂದು ಬರೆದಿದ್ದೀರಿ. ನಾಲ್ಕು ಕೋಟಿಗೂ ಮಿಕ್ಕ ಅಂಕಿಗಳ ಅದನ್ನು ಭಾಗಿಸಿ ನೋಡಿದವರು ಯಾರು? ಕಂಪ್ಯೂಟರ್ ಹೇಳಿತೆಂದು ನಂಬಬೇಕೆ? ಉಪಯೋಗವಾದರೂ ಏನು?’

ಸಂಪಾದಕರ ಉತ್ತರ: ಉಪಯೋಗದ ಮಾತನ್ನು ಮೊದಲೇ ಮುಗಿಸಿಬಿಡೋಣ. ನಿಮ್ಮ ಅನುಮಾನ ಸರಿ. ಗೂಢಲಿಪಿಗೆ ಕೆಲವು ನೂರು ಅಂಕಿಗಳ ಅವಿಭಾಜ್ಯಗಳೇ ಧಾರಾಳ. 2024ರ ಅಕ್ಟೋಬರಿನಲ್ಲಿ ಸಿಕ್ಕ ಈ 4,10,24,320 ಅಂಕಿಗಳ ಸಂಖ್ಯೆಗೆ ಅಲ್ಲಿ ಕೆಲಸವಿಲ್ಲ.

ಆದರೆ ನಿಮ್ಮ ಮೊದಲ ಪ್ರಶ್ನೆ ಚಿನ್ನದಂಥದ್ದು. ಅವಿಭಾಜ್ಯವೆಂದು ತೀರ್ಮಾನಿಸಲು ಯಾರೂ ಭಾಗಿಸಿ ನೋಡಲಿಲ್ಲ, ನೋಡಬೇಕಾಗಿಯೂ ಇಲ್ಲ. 4ರಿಂದ ಹೊರಡಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿದ ಶೇಷವನ್ನಷ್ಟೇ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. (2 ಬಿಟ್ಟು ಉಳಿದ ಅವಿಭಾಜ್ಯ ಘಾತಗಳಿಗೆ ಮಾತ್ರ ಈ ಮಾತು.) 2ರ 5ನೇ ಘಾತದಿಂದ 1 ಕಳೆದರೆ 31. ಮೂರು ಹೆಜ್ಜೆ ಸಾಕು: 14, ಆಮೇಲೆ 194, ಶೇಷ 8, ಆಮೇಲೆ 62, ಶೇಷ ಸೊನ್ನೆ. ಶೇಷಕ್ಕೂ ಭಾಗಾಕಾರ ಬೇಡ. 194 ದ್ವಿಮಾನದಲ್ಲಿ 11000010. ಬಲಗಡೆಯ ಐದು ಬಿಟ್‌ಗಳು 2, ಉಳಿದವು 6, ಕೂಡಿದರೆ 8. ಈ ಸುಲಭದಿಂದಲೇ ದಾಖಲೆಯ ಅವಿಭಾಜ್ಯಗಳು ಬಹುಪಾಲು 2ರ ಘಾತದಿಂದ 1 ಕಳೆದು ಬರುವ ಇದೇ ಮರ್ಸೆನ್ ಮನೆತನದವು.

ಇನ್ನು 11ನೇ ಘಾತ, ಅಂದರೆ 2047. ಕಾಗದ ತೆಗೆದುಕೊಂಡು ನೀವೇ ಮಾಡಿ: 14, 194, 788, 701, 119, 1877, 240, 282, 1736. ಒಂಬತ್ತನೆಯದು ಸೊನ್ನೆಯಲ್ಲ, ಹಾಗಾಗಿ 2047 ಒಡೆಯುತ್ತದೆ. 23, 89 ಎಂಬ ಅದರ ಅಪವರ್ತನಗಳನ್ನು ಈ ಲೆಕ್ಕ ಎಲ್ಲೂ ಹೆಸರಿಸಲೇ ಇಲ್ಲ! 67ನೇ ಘಾತದ್ದು ಅವಿಭಾಜ್ಯವಲ್ಲ ಎಂದು ಫ್ರೆಂಚ್ ಗಣಿತಜ್ಞ ಲ್ಯೂಕಾಸ್ 1876ರಲ್ಲೇ ತೋರಿಸಿದ. 193707721, 761838257287 ಎಂಬ ಅಪವರ್ತನಗಳನ್ನು ಅಮೆರಿಕದ ಗಣಿತಜ್ಞ ಕೋಲ್ ಮುಂದಿಟ್ಟದ್ದು 1903ರಲ್ಲಿ.

ಪತ್ರಿಕೆಗಳೋ, ಅಂಕಿಗಳನ್ನು ಅಚ್ಚು ಹಾಕಿದರೆ ಎಷ್ಟು ಪುಟವಾದೀತೆಂದು ಬರೆದು ಕೈತೊಳೆದುಕೊಳ್ಳುತ್ತವೆ. ಪಠ್ಯಪುಸ್ತಕಗಳು 2, 3, 5, 7 ಎಂದು ಬಾಯಿಪಾಠ ಮಾಡಿಸಿ ಮುಂದಿನ ಪಾಠಕ್ಕೆ ಹೋಗುತ್ತವೆ. ಎರಡು ಸಾಲಿನ ಈ ವಿಧಾನವನ್ನು ಹೇಳಲು ಯಾರಿಗೂ ಜಾಗವಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿ.

ಕಂಪ್ಯೂಟರನ್ನು ನಂಬಬೇಡಿ, ಸಂತೋಷ. ಹುಡುಕುವವರೂ ನಂಬುವುದಿಲ್ಲ. ಇಲ್ಲಿ ಹೆಜ್ಜೆಗಳು 13,62,79,839. ಅಷ್ಟು ದೊಡ್ಡ ವರ್ಗವನ್ನು ಅಂದಾಜು ಭಿನ್ನಾಂಕಗಳಲ್ಲಿ ಮಾಡಿ ಹತ್ತಿರದ ಪೂರ್ಣಾಂಕಕ್ಕೆ ಹೊಂದಿಸುತ್ತಾರೆ. ತಪ್ಪು ಅರ್ಧವನ್ನು ದಾಟಿದರೆ ಪಕ್ಕದ ಪೂರ್ಣಾಂಕಕ್ಕೆ ಜಾರುತ್ತದೆ. ಮೆಮೊರಿಯಲ್ಲಿ ಒಂದೇ ಬಿಟ್ ತಿರುಗಿದರೂ ಮುಂದಿನದೆಲ್ಲ ಹಾಳು. ಹಾಳಾದ ಲೆಕ್ಕ ಸೊನ್ನೆಗೆ ಮುಟ್ಟುವುದು ಇಲ್ಲವೆಂಬಷ್ಟು ಅಪರೂಪ. ನಿಜವಾದ ಅವಿಭಾಜ್ಯವೇ ಕೈತಪ್ಪುವುದು ದೊಡ್ಡ ಅಪಾಯ. ಅದಕ್ಕೇ ಮರ್ಸೆನ್ ಅವಿಭಾಜ್ಯಗಳನ್ನು ಹುಡುಕುವ ಸ್ವಯಂಸೇವಕರ ಜಿಂಪ್ಸ್ ಕೂಟದವರು ಮೊದಲು, ಅವಿಭಾಜ್ಯವಿರಬಹುದೇ ಎಂದು ಹೇಳುವ ಫರ್ಮಾ ಪರೀಕ್ಷೆ ನಡೆಸಿ, ನಡುನಡುವೆ ಲೆಕ್ಕದಲ್ಲಿ ತಪ್ಪು ನುಸುಳಿದರೆ ಹಿಡಿಯುವ ಗರ್ಬಿಜ್ ತಾಳೆ ನೋಡುತ್ತಾರೆ. ತಾಳೆ ತಪ್ಪಿದರೆ ಹಿಂದಿನ ಸರಿಯಾದ ಹೆಜ್ಜೆಗೆ ಮರಳಿ ಮತ್ತೆ ಹೊರಡುತ್ತಾರೆ. ಲ್ಯೂಕ್ ಡ್ಯುರಾಂಟ್ ಕಂಡುಕೊಂಡ ಈ ಸಂಖ್ಯೆ ಅದರಲ್ಲಿ ಗೆದ್ದ ಮೇಲೆಯೇ 4ರಿಂದ ಹೊರಡುವ ಮೇಲಿನ ವಿಧಾನಕ್ಕೆ, ಅಂದರೆ ಲ್ಯೂಕಾಸ್–ಲೆಹ್ಮರ್ ಪರೀಕ್ಷೆಗೆ ಬಂತು. ಅದನ್ನೂ ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಪ್ರೋಗ್ರಾಂಗಳಲ್ಲಿ ನಡೆಸಿದರು. ಪ್ರತಿ ಸಲವೂ ಕೊನೆಯ ಶೇಷ ಸೊನ್ನೆಯೇ.