ಹರಿಹರದ ಮಕ್ಕಳ ದುಡ್ಡು ಸಮುದ್ರಕ್ಕೆ ಯಾಕೆ?

ಹರಿಹರದ ಹೈಸ್ಕೂಲ್ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ನಮ್ಮ ಮಕ್ಕಳು ರದ್ದಿ ಪೇಪರ್ ಮಾರಿ ಎಂಟು ಸಾವಿರ ರೂಪಾಯಿ ಕೂಡಿಸಿದ್ದಾರೆ. ಸಮುದ್ರ ಉಳಿಸುವ ಕೆಲಸಕ್ಕೆ ಕಳಿಸಬೇಕು ಅಂತ ಅವರ ಆಸೆ. ಪೋಷಕರ ಸಭೆಯಲ್ಲಿ ಒಪ್ಪಲಿಲ್ಲ. ಸಮುದ್ರ ಇಲ್ಲದ ಊರಿಗೆ ಅದರ ಉಸಾಬರಿ ಯಾಕೆ, ಶಾಲೆಗೆ ಫ್ಯಾನ್ ಹಾಕಿಸಿ ಅಂದರು. ಅಷ್ಟು ದೊಡ್ಡ ಸಮುದ್ರಕ್ಕೆ ಈ ಹಣ ಯಾವ ಮೂಲೆಗೆ ಅಂತಲೂ ಕೇಳಿದರು. ನೀವೇನು ಹೇಳುತ್ತೀರಿ?’

ಮೇಷ್ಟ್ರೇ, ಕಳಿಸಿ. ಫ್ಯಾನ್ ಕೇಳಿದವರದ್ದು ತಪ್ಪಲ್ಲ, ಆದರೆ ಅದಕ್ಕೆ ಶಾಲೆಯ ಅಭಿವೃದ್ಧಿ ನೋಡಿಕೊಳ್ಳುವ ಸಮಿತಿ, ಎಸ್‌ಡಿಎಂಸಿ ಇದೆ, ದಾನಿಗಳಿದ್ದಾರೆ. ಮಕ್ಕಳು ತಾವೇ ಕೂಡಿಸಿದ ಹಣ ಯಾವುದಕ್ಕೆ ಅಂತ ತಾವೇ ಯೋಚಿಸಿದ್ದಾರೆ. ಅದನ್ನು ದೊಡ್ಡವರು ಬದಲಾಯಿಸುವುದು ಬೇಡ.

ಸಮುದ್ರ ನಮಗೆ ದೂರ ಅನ್ನುವುದೂ ಪೂರ್ತಿ ನಿಜವಲ್ಲ. ಅರಬ್ಬೀ ಸಮುದ್ರದ ಮೇಲಿಂದ ಬಂದ ಮುಂಗಾರು ಮಲೆನಾಡಿನಲ್ಲಿ ಸುರಿದರೆ ಲಕ್ಕವಳ್ಳಿಯ ಭದ್ರಾ ಡ್ಯಾಂ ತುಂಬುತ್ತದೆ. ಡ್ಯಾಂ ತುಂಬಿದರೆ ನಮ್ಮಲ್ಲಿ ಎರಡು ಬೆಳೆ ಭತ್ತ. ಇಲ್ಲದಿದ್ದರೆ ನಾಲೆ ನೀರಿಗೆ ಜಗಳ. ಇನ್ನು ಹರಿಹರದಲ್ಲಿ ಹೊಳೆಗೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ? ತುಂಗಭದ್ರೆ ಕೃಷ್ಣೆಯನ್ನು ಸೇರುತ್ತದೆ, ಕೃಷ್ಣೆ ಆಂಧ್ರದ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ನಡುವೆ ಡ್ಯಾಂಗಳಿವೆ, ಎಲ್ಲ ಕಸವೂ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಪ್ಲಾಸ್ಟಿಕ್ ಚೂರುಚೂರಾಗುತ್ತದೆಯೇ ಹೊರತು ಮಾಯವಾಗುವುದಿಲ್ಲ, ಅಲ್ವಾ?

ಹಣದ ಮಾತಿಗೆ ಬರುತ್ತೇನೆ. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 14ನೆಯದು ಸಮುದ್ರದ್ದು. ತೀರಾ ಕಡಿಮೆ ಹಣ ಸಿಗುವ ಗುರಿಗಳಲ್ಲಿ ಅದೂ ಒಂದು. 2030ರೊಳಗೆ ಸಮುದ್ರದ ಶೇ 30 ಭಾಗವನ್ನು ಕಾಪಾಡುತ್ತೇವೆ ಅಂತ 2022ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಿಕೊಂಡಿವೆ. ಸುಮ್ನೆ ನಕ್ಷೆಯಲ್ಲಿ ಗೆರೆ ಎಳೆದರೆ ಸಾಲದು, ಕಾಯುವುದಕ್ಕೆ ದೋಣಿ, ಡೀಸೆಲ್, ಜನರ ಸಂಬಳ ಎಲ್ಲ ಬೇಕು. ಹಾಗಂತ ಬರೀ ಹಣ ಸುರಿದರೂ ಆಗುವುದಿಲ್ಲ.

ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ ಆದದ್ದನ್ನು ನಿಮ್ಮ ಪೋಷಕರಿಗೆ ಹೇಳಿ. ತಿಮಿಂಗಿಲ ಶಾರ್ಕ್ ಜಗತ್ತಿನಲ್ಲೇ ಅತಿ ದೊಡ್ಡ ಮೀನು. ಒಂದು ಬಸ್ಸಿನಷ್ಟು ಉದ್ದ ಬೆಳೆಯುತ್ತದೆ, ಮನುಷ್ಯರ ತಂಟೆಗೆ ಬರುವುದಿಲ್ಲ. ಅದರ ಲಿವರ್ ಎಣ್ಣೆಯನ್ನು ನೀರು ಹಿಡಿಯದಿರಲಿ ಅಂತ ದೋಣಿಗೆ ಬಳಿಯುತ್ತಿದ್ದರು. ಆ ಎಣ್ಣೆಗೆ, ಆಮೇಲೆ ಮಾಂಸಕ್ಕೆ ಅಂತ ಜಾಸ್ತಿ ಬೇಟೆಯಾಯಿತು. 2001ರಲ್ಲಿ ಬೇಟೆ ನಿಷೇಧವಾಯಿತು, ಆದರೆ ಎಷ್ಟೋ ಮೀನುಗಾರರಿಗೆ ಕಾನೂನಿನ ಸುದ್ದಿಯೇ ಮುಟ್ಟಿರಲಿಲ್ಲ. 2004ರಲ್ಲಿ ಒಂದು ಆಂದೋಲನ ಶುರುವಾಯಿತು. ರಾಮಕಥೆ ಹೇಳುವ ಮೊರಾರಿ ಬಾಪು ಅದಕ್ಕೆ ದನಿಯಾದರು. ಈ ಮೀನು ಹೆರಿಗೆಗೆ ತವರಿಗೆ ಬರುವ ಮಗಳು ಅಂದರು. ಮನೆ ಮಗಳನ್ನು ಯಾರು ಕೊಲ್ಲುತ್ತಾರೆ? ಬಲೆಗೆ ಬಿದ್ದ ಮೀನನ್ನು ಜನ ಬಿಡತೊಡಗಿದರು.

ಬಿಡಬೇಕೆಂದರೆ ಬಲೆ ಕತ್ತರಿಸಬೇಕು. ಬಲೆ ಹೋದರೆ ಆ ಮನೆಯ ದುಡಿಮೆಯೇ ಹೋದ ಹಾಗೆ. ಅದಕ್ಕೇ ಅರಣ್ಯ ಇಲಾಖೆ ಬಲೆಗೆ ಪರಿಹಾರ ಕೊಡತೊಡಗಿತು. ಮೊದಮೊದಲು ಸಿಬ್ಬಂದಿ ಬಂದು ನೋಡುವ ತನಕ ಕಾಯಬೇಕಿತ್ತು, ಅಲ್ಲಿವರೆಗೆ ಮೀನು ಬಲೆಯಲ್ಲೇ ಒದ್ದಾಡುತ್ತಿತ್ತು. ಆಮೇಲೆ ಮೀನುಗಾರರ ಕೈಗೇ ನೀರು ತಾಗದ ಕ್ಯಾಮೆರಾ ಕೊಟ್ಟರು. ಅವರೇ ಬಲೆ ಕತ್ತರಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಮೀನನ್ನು ಬಿಡುತ್ತಾರೆ. ಫೋಟೊ ತೋರಿಸಿದರೆ ಪರಿಹಾರ. ಹೀಗೆ ನೂರಾರು ಮೀನು ಉಳಿದಿವೆ.

ಇದನ್ನು ನಾನು ಎಷ್ಟು ಜನರಿಗೆ ಹೇಳಿದರೂ ನನಗೆ ಸಾಕಾಗುವುದಿಲ್ಲ. ಬರೀ ಮಾತಾಗಿದ್ದರೆ ಬಡವರು ಎಷ್ಟು ದಿನ ತಮ್ಮ ಬಲೆ ತಾವೇ ಕತ್ತರಿಸಿಯಾರು? ಬರೀ ಪರಿಹಾರವಾಗಿದ್ದರೆ ಅದು ಇನ್ನೊಂದು ಸರ್ಕಾರಿ ಅರ್ಜಿ. ಕೇರಳದ ಕೊಲ್ಲಂನಲ್ಲೂ ಹೀಗೇ. 2017ರಿಂದ ಅಲ್ಲಿನ ಮೀನುಗಾರರು ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ದಡಕ್ಕೆ ತರುತ್ತಾರೆ, ಹೆಂಗಸರು ತೊಳೆದು ಬೇರ್ಪಡಿಸುತ್ತಾರೆ, ಅವರಿಗೆ ಕೂಲಿ ಸಿಗುತ್ತದೆ. ಪುಡಿ ಮಾಡಿದ ಪ್ಲಾಸ್ಟಿಕ್ ರಸ್ತೆಯ ಡಾಂಬರಿಗೆ ಹೋಗುತ್ತದೆ.

ಆದ್ದರಿಂದ ಕಳಿಸುವ ಮುಂಚೆ ವಿಚಾರಿಸಿ. ಆ ಕೆಲಸದಲ್ಲಿ ಮೀನುಗಾರರು ಇದ್ದಾರಾ, ಅಥವಾ ಅವರನ್ನು ಹೊರಗಿಟ್ಟು ಮಾಡುತ್ತಿದ್ದಾರಾ? ಖರ್ಚಿನ ಲೆಕ್ಕ ಕೊಡುತ್ತಾರಾ? ಕೊಡದವರಿಗೆ ಒಂದು ರೂಪಾಯಿಯೂ ಬೇಡ. ನಮ್ಮ ಉತ್ತರ ಕನ್ನಡದಲ್ಲೇ ಹೊನ್ನಾವರದ ದಂಡೆಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮೊಟ್ಟೆ ಕಾಯುವವರಲ್ಲಿ ಅಲ್ಲಿನ ಮೀನುಗಾರರೂ ಇದ್ದಾರೆ. ಎಂಟು ಸಾವಿರ ಇಂಥ ಕಡೆ ಸಣ್ಣ ಹಣವಲ್ಲ.

ಇನ್ನೊಂದು ಕೆಲಸ ನಿಮ್ಮೂರಲ್ಲೇ ಇದೆ. 1984ರಲ್ಲಿ ಹರಿಹರದಿಂದ ಕೆಳಗೆ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದವು. ಕಾರ್ಖಾನೆಯ ಕೊಳೆ ನೀರಿನ ವಿರುದ್ಧ ದಂಡೆಯ ಹಳ್ಳಿಗಳ ಜನ ಎದ್ದು ನಿಂತರು. ಅದನ್ನು ಕಣ್ಣಾರೆ ಕಂಡವರು ಈಗಲೂ ಇದ್ದಾರೆ. ಅವರನ್ನು ಶಾಲೆಗೆ ಕರೆಸಿ, ಪೋಷಕರನ್ನೂ ಕೂರಿಸಿ. ಹೊಳೆ ಯಾರದ್ದು ಅನ್ನುವ ಮಾತು ಅಲ್ಲಿ ಬಂದರೆ, ಸಮುದ್ರ ಯಾರದ್ದು ಅಂತ ನೀವು ಬೇರೆ ಹೇಳಬೇಕಾಗಿಲ್ಲ.

ಹಣ ತಲುಪಿದ ಮೇಲೆ ಲೆಕ್ಕದ ಪ್ರತಿಯನ್ನು ನಮಗೂ ಕಳಿಸಿ. ಮಕ್ಕಳ ಹೆಸರಿನ ಸಮೇತ ಪತ್ರಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ