ಓದುಗರ ಪ್ರಶ್ನೆ: ಕೆರೆಯ ಹಳೇ ದಾರಿ, ಕಲ್ಲಿನ ಮೇಲಿನ ಇಸವಿ

ಪ್ರಶ್ನೆ: ನಮ್ಮೂರ ಕೆರೆಯ ಹೂಳೆತ್ತಿ ಎರಡು ಮಳೆಗಾಲ ಕಳೆದರೂ ನೀರು ಅರ್ಧ ದಾಟುತ್ತಿಲ್ಲ. ಹಿರಿಯರು ‘ಹಳೇದನ್ನು ಕೆದಕಿ ನೋಡ್ರಪ್ಪ’ ಎನ್ನುತ್ತಾರೆ. ಇತಿಹಾಸ ತಿಳಿದರೆ ಕೆರೆ ತುಂಬುತ್ತದೆಯೇ?
– ಓದುಗರು, ಚಿತ್ರದುರ್ಗ ತಾಲ್ಲೂಕು

ಉತ್ತರ: ಯಾಕೆ ತುಂಬುತ್ತಿಲ್ಲ ಎಂಬುದಂತೂ ತಿಳಿಯುತ್ತದೆ. ಬಯಲುಸೀಮೆಯಲ್ಲಿ ಕೆರೆಗಳನ್ನು ಸಾಲಾಗಿ ಕಟ್ಟಿದ್ದಾರೆ. ಮೇಲಿನದರ ಕೋಡಿ ನೀರೇ ಕೆಳಗಿನದಕ್ಕೆ ಆಧಾರ. ದುರ್ಗದ ಕೋಟೆಯಲ್ಲೂ ಇದೇ ಲೆಕ್ಕ. ಗೋಪಾಲಸ್ವಾಮಿ ಹೊಂಡದ ಹೆಚ್ಚುವರಿ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಇಳಿದು ಸಿಹಿನೀರು ಹೊಂಡ, ಸಂತೆಹೊಂಡಕ್ಕೆ. ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನ ಹೇಳುವುದೂ ಕೆರೆ ಕಟ್ಟಿಸಿದ ಸಂಗತಿಯನ್ನೇ. ಅದು 4ನೇ ಶತಮಾನದ್ದು.

ಭೂಮಾಪನ ಕಚೇರಿಯಿಂದ ಗ್ರಾಮ ನಕ್ಷೆಯ ಪ್ರತಿ ತನ್ನಿ. ನಿಮ್ಮೂರದು ಮಾತ್ರ ಸಾಲದು, ಮೇಲಿನ ಊರಿನದೂ ಬೇಕು. ಹಳ್ಳ, ಕಾಲುವೆಯ ಗೆರೆಗಳನ್ನು ನೀಲಿ ಪೆನ್ಸಿಲ್‌ನಲ್ಲಿ ತಿದ್ದಿಕೊಳ್ಳಿ. ಜೋರು ಮಳೆಯಾದ ಮಾರನೇ ದಿನ ಮೇಲಿನ ಕೆರೆಯ ಕೋಡಿಯಿಂದ ಹೊರಟು, ಆ ಗೆರೆಯ ಜಾಡಿನಲ್ಲೇ ನಿಮ್ಮ ಕೆರೆಯಂಗಳದವರೆಗೆ ನಡೆಯಿರಿ. ಗೆರೆ ಇದ್ದು ಹಳ್ಳ ಇಲ್ಲದ ಕಡೆ ನಿಲ್ಲಿ. ಅಲ್ಲಿ ಉಳುಮೆಯಾಗಿರುತ್ತದೆ, ಇಲ್ಲವೇ ರಸ್ತೆಯಡಿ ಸಣ್ಣ ಪೈಪು ಹಾಕಿ ಮುಗಿಸಿರುತ್ತಾರೆ. ಆ ಸರ್ವೆ ನಂಬರಿನ ಪಹಣಿಯಲ್ಲಿ ‘ಬ’ ಖರಾಬು (ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಎಷ್ಟು ಗುಂಟೆಯಿದೆ ನೋಡಿ. ಹಳ್ಳ ಬಿಡಿಸಿಕೊಡಿ ಎಂಬ ಅರ್ಜಿಗೆ ಅದೇ ಬಲ.

ಹೂಳೆತ್ತಿದ ರೀತಿಯೂ ತಪ್ಪಿರಬಹುದು. ತಳದ ಜಿಗುಟು ಮಣ್ಣಿನ ಪದರ ಕಿತ್ತು ಗರಸು ಕಾಣುವಷ್ಟು ತೋಡಿದರೆ ನಿಂತ ನೀರು ಇಂಗಿಹೋಗುತ್ತದೆ. ಏರಿಯ ಬುಡದಲ್ಲಿ ತೋಡುವುದು ಇನ್ನೂ ಅಪಾಯ, ಏರಿಯೇ ಜರುಗುತ್ತದೆ.

ಒಣಗಿದ ಕೋಡಿ ಹಳ್ಳದಲ್ಲಿ ಮನೆ ಕಟ್ಟುವವರಿಗೂ ಒಂದು ಮಾತು. ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷದಲ್ಲಿ ಹುಟ್ಟಿ ಬೆಳೆದವರು ಆ ನೀರನ್ನೇ ಕಂಡಿರಲಿಲ್ಲ.

ಪ್ರಶ್ನೆ: ಚನ್ನಗಿರಿ ಕಡೆಯ ನಮ್ಮೂರ ಶಾಸನವನ್ನು ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಚಿತ್ರದುರ್ಗ ಸಂಪುಟದಲ್ಲಿ ಹುಡುಕಿದೆ, ಸಿಗಲಿಲ್ಲ. ಶಕವರ್ಷವನ್ನು ಇಸವಿಗೆ ತರುವುದು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಮೊದಲು ಚಿತ್ರದುರ್ಗಕ್ಕೆ ಸೇರಿದ್ದವು, ಅವು 11ನೇ ಸಂಪುಟದಲ್ಲಿವೆ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು. 7ನೇ ಸಂಪುಟ ತೆಗೆಯಿರಿ.

ಶಕವರ್ಷಕ್ಕೆ 78 ಕೂಡಿಸಿ. ಶಕ 1146 ಎಂದರೆ ಕ್ರಿ.ಶ. 1224, ಹರಿಹರೇಶ್ವರ ದೇಗುಲದ ಕಾಲ. ತಿಥಿ ಪುಷ್ಯ, ಮಾಘದ್ದಾಗಿ ಜನವರಿ 1 ದಾಟಿದ್ದರೆ 79 ಕೂಡಿಸಿ. ಬರೀ ಸಂವತ್ಸರದ ಹೆಸರು ನಂಬಿ ಇಸವಿ ಹೇಳಬೇಡಿ. ತಾರಣ 2004ರಲ್ಲೂ ಬಂತು, 1944ರಲ್ಲೂ ಬಂದಿತ್ತು. 60 ವರ್ಷಕ್ಕೊಮ್ಮೆ ತಿರುಗುತ್ತದೆ. ಶಕವರ್ಷ ಅಳಿಸಿದ್ದರೆ ಅರಸನ ಹೆಸರು, ಲಿಪಿಯ ರೂಪ ಎರಡನ್ನೂ ಜೊತೆಗಿಟ್ಟು ನೋಡಬೇಕು.

ಅಕ್ಷರ ಕಾಣಲೆಂದು ಸುಣ್ಣ, ಬಣ್ಣ ಬಳಿಯಬೇಡಿ, ಮೊಳೆಯಿಂದ ಕೆರೆಯಲೂಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಒಂದು ಅಂಚಿನಿಂದ ಓರೆಯಾಗಿ ಹಿಡಿದರೆ ಗೀರಿಗೆಲ್ಲ ನೆರಳು ಬಿದ್ದು ಸಾಲುಗಳು ಎದ್ದು ಕಾಣುತ್ತವೆ. ಆಗ ನಾಲ್ಕೂ ಬದಿಯಿಂದ ಬೆಳಕು ಬದಲಿಸಿ ಫೋಟೊ ತೆಗೆಯಿರಿ.