ನಾಲ್ಕು ಊರಲ್ಲಿರುವ ನಾಲ್ಕು ಜನರ ಡಿಸೈನ್ ಟೀಮಿಗೆ ಯಾವ ಟೂಲ್ ಒಳ್ಳೆಯದು?

ಆ್ಯಪ್, ವೆಬ್‌ಸೈಟಿನ ಪರದೆಗಳನ್ನು ಡಿಸೈನ್ ಮಾಡೋಕೆ ಫಿಗ್ಮಾ ತಗೊಳ್ಳೋದಾ, ಅಡೋಬಿ ಎಕ್ಸ್‌ಡಿನಾ ಅಂತ ಕೇಳಿದ್ದೀರಿ. ಫಿಗ್ಮಾ. ಎಕ್ಸ್‌ಡಿಗೆ ಅಡೋಬಿಯೇ ಹೊಸದೇನೂ ಸೇರಿಸುತ್ತಿಲ್ಲ, ಈಗ ಅದನ್ನು ಕಲಿತು ಏನು ಮಾಡುತ್ತೀರಿ? ಫಿಗ್ಮಾ ಬ್ರೌಸರಲ್ಲೇ ತೆರೆಯುತ್ತದೆ, ನಾಲ್ಕೂ ಜನ ಒಂದೇ ಫೈಲಿನಲ್ಲಿ ಒಟ್ಟಿಗೆ ಕೆಲಸ ಮಾಡಬಹುದು.

ನಾನಿರುವುದು ಚಿಕ್ಕಮಗಳೂರಿನ ಆಲ್ದೂರು ಹತ್ತಿರ, ನಮ್ಮ ಟೀಮಿನ ಉಳಿದ ಮೂವರು ಬೆಂಗಳೂರಲ್ಲಿ. ಮಳೆಗಾಲದಲ್ಲಿ ತೋಟದ ಸಿಲ್ವರ್ ಮರ ಲೈನ್ ಮೇಲೆ ಬಿತ್ತು ಅಂದ್ರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಫೈಲ್ ಮೊದಲೇ ತೆರೆದಿದ್ದರೆ ನೆಟ್ ಹೋದರೂ ಕೆಲಸ ಮುಂದುವರಿಸಬಹುದು, ಬಂದ ಮೇಲೆ ತಾನೇ ಸೇರಿಕೊಳ್ಳುತ್ತದೆ. ಟ್ಯಾಬ್ ಮಾತ್ರ ಮುಚ್ಚಬೇಡಿ. ರೂಟರಿಗೊಂದು ಪುಟ್ಟ ಯುಪಿಎಸ್ ಹಾಕಿಸಿ, ಯಾವ ಆ್ಯಪ್‌ಗಿಂತಲೂ ಜಾಸ್ತಿ ಉಪಯೋಗಕ್ಕೆ ಬಂದಿರೋದು ನನಗೆ ಅದೇ.

ಆದರೆ ನಾವು ಪೆಟ್ಟು ತಿಂದಿದ್ದು ಟೂಲಿಂದಲ್ಲ. ಒಂದು ಸಲ ನಾನೂ ಇನ್ನೊಬ್ಬರೂ ಫೋನಲ್ಲಿ ಮಾತಾಡಿ, ಹಣ ಕಟ್ಟುವ ಪುಟದಲ್ಲಿ ಎರಡು ಬಟನ್ ಬೇಡ, ಒಂದೇ ಸಾಕು ಅಂತ ತೀರ್ಮಾನ ಮಾಡಿದೆವು. ಎಲ್ಲೂ ಬರೆಯಲಿಲ್ಲ. ಫೈಲಿನಲ್ಲಿ 'ಫೈನಲ್' ಅಂತ ಒಂದು ಪುಟ, 'ಫೈನಲ್ ಹೊಸದು' ಅಂತ ಇನ್ನೊಂದು. ಡೆವಲಪರ್ ಪಾಪ ಮೊದಲನೆಯದನ್ನೇ ನೋಡಿ ನಾಲ್ಕು ದಿನ ಕೂತು ಕಟ್ಟಿದ್ದರು. ಅವರದೇನು ತಪ್ಪು, ಅಲ್ವಾ?

ಆಮೇಲಿಂದ ಫೈಲಿನಲ್ಲೇ ಪ್ರತಿ ಸ್ಕ್ರೀನಿನ ಪಕ್ಕ ಒಂದು ಹಳದಿ ಚೀಟಿ: ತಾರೀಖು, ಏನು ತೀರ್ಮಾನ, ಯಾಕೆ, ಯಾರು ಒಪ್ಪಿದರು. ಎರಡು ಸಾಲು ಅಷ್ಟೇ. ಚಾಟಿನಲ್ಲಿ ಬರೆದಿದ್ದನ್ನು ನಂಬಿಕೊಂಡು ಕೂರಬೇಡಿ, ಸ್ಲ್ಯಾಕ್ ಅನ್ನೋ ಚಾಟ್ ಆ್ಯಪ್‌ನ ಉಚಿತ ಖಾತೆಯಲ್ಲಿ 90 ದಿನಕ್ಕಿಂತ ಹಳೆಯ ಮಾತು ಕಾಣೋದೇ ಇಲ್ಲ. ಫೈಲಿನಲ್ಲಿರುವ ಹಳೆಯ ಸ್ಕ್ರೀನ್ ಯಾವುದೂ ಕಣ್ಣಿಗೆ ಬೀಳದ ಹಾಗೆ ಬೇರೆ ಪುಟಕ್ಕೆ ಎತ್ತಿ ಹಾಕಿ.

ಕನ್ನಡ ಆ್ಯಪ್ ಮಾಡುತ್ತಿದ್ದರೆ ಇನ್ನೊಂದು ಮಾತು. ಎಲ್ಲರೂ ನೋಟೋ ಸ್ಯಾನ್ಸ್ ಕನ್ನಡದಂಥ ಗೂಗಲ್ ಫಾಂಟನ್ನೇ ಬಳಸಿ, ಇಲ್ಲದಿದ್ದರೆ ನಿಮ್ಮ ಕಂಪ್ಯೂಟರಲ್ಲಿರುವ ಫಾಂಟ್ ಇನ್ನೊಬ್ಬರಿಗೆ 'ಇಲ್ಲ' ಅಂತ ತೋರಿಸುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಾಯಿಸದೆ ಅಂಟಿಸಿದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಮತ್ತೆ ಇಂಗ್ಲಿಷಿಗೆ ಕೊಟ್ಟ ಸಾಲಿನ ಎತ್ತರವನ್ನೇ ಕನ್ನಡಕ್ಕೂ ಕೊಟ್ಟರೆ 'ಅರ್ಜಿ ಸಲ್ಲಿಸಿ' ಅನ್ನೋ ಬಟನಿನಲ್ಲಿ ಲ-ಒತ್ತಿನ ಬಾಲ ಅಂಚಿಗೆ ತಾಗಿ ಕೂರುತ್ತದೆ. ಬೆಂಗಳೂರಿನವರಿಗೆ ಇದನ್ನು ಬಾಯಲ್ಲಿ ಹೇಳಿ ಸುಸ್ತಾಗಿ ಕೊನೆಗೆ ಪರದೆ ರೆಕಾರ್ಡ್ ಮಾಡಿ ಕಳಿಸಿದೆ, ಒಂದೇ ನಿಮಿಷಕ್ಕೆ ಅರ್ಥವಾಯಿತು.

ಮೀಟಿಂಗಿಗೆ ದುಡ್ಡು ಕೊಡೋದು ಬೇಡ. ಗೂಗಲ್ ಮೀಟ್ ಉಚಿತ ಖಾತೆಯಲ್ಲಿ ಮೂವರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ 60 ನಿಮಿಷಕ್ಕೆ ಕಾಲ್ ಮುಗಿಯುತ್ತದೆ, ಚೀಟಿ ಶುರುವಾದ ಮೇಲೆ ನಮಗೆ ಅದರಲ್ಲಿ ಅರ್ಧವೂ ಬೇಕಾಗಿಲ್ಲ.